ಮುಂದಿನ ಆದೇಶದವರೆಗೆ

"ಬರಲಿಲ್ಲ ಅಂತ ಹಾಕ್ಬಿಡಮ್ಮ," ಎಂದು ಮ್ಯಾನೇಜರು ಕೌಂಟರಿನವಳಿಗೆ ಹೇಳುವಾಗ, ಪ್ರಯಾಣಕ್ಕೆ ಬಂದಿದ್ದ ಆ ಹೆಂಗಸು ಕೌಂಟರಿನ ಮೇಲೆ ಎರಡೂ ಕೈ ಊರಿಕೊಂಡು ಎದುರಿಗೇ ನಿಂತಿದ್ದಳು. ಮಧ್ಯಾಹ್ನದ ವಿಮಾನ ಹೊರಡಲು ಇನ್ನು ಇಪ್ಪತ್ತೈದು ನಿಮಿಷವಿತ್ತು.

ಅವಳು ಟೈಲರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಬೆಳಿಗ್ಗೆ ಹೊಲಿಯುತ್ತಿದ್ದಾಗ ಫೋನು ಬಂದಿತ್ತು. ಅಂಗಡಿಯ ಬಾಗಿಲೆಳೆದು, ಉಳಿದಿದ್ದ ಕೊನೆಯ ಟಿಕೆಟ್ ಕೊಂಡು ನೇರ ಇಲ್ಲಿಗೆ ಬಂದಿದ್ದಳು.

"ಯಾರು ಬರ್ಲಿಲ್ಲ ಸರ್? ನಾನು ಇಲ್ಲೇ ನಿಂತಿದೀನಲ್ಲ."

"ಅದು ಆಫೀಸಿನ ಭಾಷೆ. ನಾಳೆ ಇದೇ ಹೊತ್ತಿಗೆ ಬನ್ನಿ, ಮೊದಲನೇ ಸೀಟು ನಿಮಗೇ."

"ನಾಳೆಗೆ ನಮ್ಮಕ್ಕ ಇರಲ್ಲ. ಸಂಜೆವರೆಗೆ ನೋಡ್ಬಹುದು ಅಂದಿದಾರೆ ಡಾಕ್ಟ್ರು."

ಮ್ಯಾನೇಜರು ಗಡಿಯಾರ ನೋಡಿಕೊಂಡ. ಪಕ್ಕದಲ್ಲಿ ಅವನ ಭಾಮೈದ ಕಪ್ಪು ಕನ್ನಡಕವನ್ನು ತಲೆಗೇರಿಸಿಕೊಂಡು ಆಕಳಿಸುತ್ತಿದ್ದ. ಅವನು ಬಂದು ಹತ್ತು ನಿಮಿಷವಾಗಿತ್ತು, ಟಿಕೆಟ್ ಇರಲಿಲ್ಲ. "ನಡಿಯಪ್ಪ," ಎಂದು ಮ್ಯಾನೇಜರು ಅವನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದ.

ಕೌಂಟರಿನಲ್ಲಿದ್ದವಳು ಪಟ್ಟಿ ಎಳೆದುಕೊಂಡಳು. ಹನ್ನೊಂದು ವರ್ಷದ ಹಿಂದೆ ಚಿಕ್ಕಪ್ಪನ ಒಂದು ಫೋನಿನಿಂದ ಅವಳಿಗೆ ಈ ಕೆಲಸ ಸಿಕ್ಕಿತ್ತು. ಅದಕ್ಕೇ ಸಾಮಾನು ಹೊರುವವರಿಂದ ಹಿಡಿದು ಪೈಲಟ್ಟಿನವರೆಗೆ ಎಲ್ಲರೂ ಅವಳನ್ನು ಫೋನಕ್ಕ ಎನ್ನುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಆ ಹೆಸರಿಗೇ ತಿರುಗಿ ನೋಡುತ್ತಿದ್ದಳು.

ಸರ್ಕಾರದ ವಿಮಾನ, ದಿನಕ್ಕೊಂದೇ, ನಲವತ್ತೆಂಟು ಸೀಟು. 'ನಮ್ಮವರು' ಯಾರಾದರೂ ಬಂದರೆ ಒಬ್ಬರನ್ನು ಇಳಿಸಬೇಕಾಗುತ್ತಿತ್ತು. ಒಂಟಿಯಾಗಿ ಬಂದವರನ್ನು, ಕಳಿಸಿಕೊಡಲು ಯಾರೂ ಜೊತೆಗಿಲ್ಲದವರನ್ನು ಆರಿಸುವುದು ರೂಢಿ. ಸೀಟು ಕಿತ್ತುಕೊಂಡೆವೆಂದು ಬರೆದರೆ ಕಾರಣ ಕೊಡಬೇಕು. 'ಬರಲಿಲ್ಲ' ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಫೋನಕ್ಕ ಆ ಹೆಂಗಸಿನ ಹೆಸರಿನ ಮುಂದೆ ಹಾಗೇ ಬರೆದಳು.

ಬರೆದ ಮೇಲೆ ತಲೆಯೆತ್ತಿ ನೋಡಬಾರದು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಕಲಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಎದುರಿಗಿದ್ದವರು ನಿಜವಾಗಿಯೂ ಕಾಣುತ್ತಿರಲಿಲ್ಲ. ಇವತ್ತೂ ಹಾಗೇ ಆಗತೊಡಗಿತು. ನೆಲ ಒರೆಸುವವಳು ಟೈಲರ್ ಹೆಂಗಸಿನ ಎರಡು ಪಾದಗಳ ಸುತ್ತ, ಕಂಬದ ಬುಡ ಒರೆಸುವಂತೆ, ಒದ್ದೆ ಬಟ್ಟೆ ಎಳೆದುಕೊಂಡು ಹೋದಳು. ಕಾವಲಿನವನು ಅವಳ ಹೆಗಲ ಮೇಲಿಂದಲೇ ಕತ್ತು ಚಾಚಿ, "ಫೋನಕ್ಕಾ, ಎಲ್ಲಾ ಹೋದ್ರಾ? ಬಾಗ್ಲು ಹಾಕ್ಲಾ?" ಎಂದ.

"ಹೂಂ," ಎಂದಳು ಫೋನಕ್ಕ. ತನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಮೈ ಜುಮ್ಮೆಂದಿತು. ಎದುರಿಗೆ ಯಾರೋ ಉಸಿರಾಡುತ್ತಿದ್ದರು. ಯಾರೂ ಇರಲಿಲ್ಲ.

ಆಗ ಕೌಂಟರಿನಾಚೆ ಫೋನು ರಿಂಗಾಯಿತು.

"ಹಲೋ... ಹೇಳು ಕಂದಾ. ಹೊರಟೆ, ಹೊರಟೆ. ವಿಮಾನದಲ್ಲೇ ಕೂತಿದೀನಿ. ಕಿಟಕಿ ಪಕ್ಕ. ಅಮ್ಮಂಗೆ ಹೇಳು, ಚಿಕ್ಕಮ್ಮ ಹತ್ತಿ ಆಯ್ತು ಅಂತ. ಕಣ್ಣು ಬಿಟ್ಕೊಂಡೇ ಇರೋಕೆ ಹೇಳು."

ಫೋನಕ್ಕ ತಲೆಯೆತ್ತಿದಳು. ಹೆಂಗಸು ಫೋನನ್ನು ಎದೆಗೆ ಒತ್ತಿ ಹಿಡಿದು ಎಲ್ಲೋ ನೋಡುತ್ತಿದ್ದಳು. ಅಳುತ್ತಿರಲಿಲ್ಲ.

ಡ್ರಾಯರಿನಲ್ಲಿ ಒಂದು ಬೋರ್ಡಿಂಗ್ ಪಾಸಿತ್ತು. ಮುಂದಿನ ಸಾಲಿನ ಕಿಟಕಿ ಸೀಟಿನದು, ಅಧ್ಯಕ್ಷರ ಹೆಸರಿನದು. ಒಂಬತ್ತು ವರ್ಷದ ಹಿಂದೆ ಅವರು ವಿಮಾನ ಕಂಪನಿಯ ಅಧ್ಯಕ್ಷರಾಗಿದ್ದಾಗ, ದಿನವೂ ಒಂದು ಸೀಟು ತಮಗಾಗಿ ಇರಬೇಕು, ಮುಂದಿನ ಆದೇಶದವರೆಗೆ, ಎಂದು ಆದೇಶ ಹೊರಡಿಸಿದ್ದರು. ಅವರು ತೀರಿಕೊಂಡು ಏಳು ವರ್ಷವಾಗಿತ್ತು. ಆ ಸುದ್ದಿ ಪೇಪರಿಗೆ ಬಂದಿತ್ತು, ಕಚೇರಿಗೆ ಬಂದಿರಲಿಲ್ಲ. ಮುಂದಿನ ಆದೇಶವೂ ಬಂದಿರಲಿಲ್ಲ. ಈ ಕೌಂಟರಿನಲ್ಲಿ ಹಿಂದೆ ಅವಳ ಜೊತೆಗಿದ್ದವನು ಒಂದು ದಿನ ಅವರ ಹೆಸರಿನ ಮುಂದೆ 'ಬರಲಿಲ್ಲ' ಎಂದು ಬರೆದ. ಅಧ್ಯಕ್ಷರಿಗೆ ಏನು ಅನಾನುಕೂಲವಾಯಿತೆಂದು ಮೇಲಿನಿಂದ ವಿವರಣೆ ಕೇಳಿದರು. ಅವನನ್ನು ಗೋದಾಮಿಗೆ ಹಾಕಿದರು. ಅಂದಿನಿಂದ ಅಧ್ಯಕ್ಷರು ದಿನವೂ ಬರುತ್ತಿದ್ದರು.

"ಏಳಿ, ನಡೀರಿ," ಎಂದಳು ಫೋನಕ್ಕ. ಆಮೇಲೆ, ಆಕೆ ನಿಂತೇ ಇದ್ದಾಳೆಂದು ನೆನಪಾಗಿ, "ಬನ್ನಿ ಅಮ್ಮ," ಎಂದು ಪಾಸನ್ನು ಅವಳ ಕೈಗಿಟ್ಟಳು. ಪಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಆಕೆಯ ಮೊಣಕೈ ಹಿಡಿದು ಬಿಸಿಲಲ್ಲಿ ವಿಮಾನದ ಕಡೆ ನಡೆದಳು.

ಮೆಟ್ಟಿಲ ಮೇಲೆ ಗಗನಸಖಿ ಪಾಸು ನೋಡಿದಳು. ಮುಖದ ನಗು ಹಾಗೇ ಇತ್ತು.

"ಆ ಸೀಟಲ್ಲಿ ಸರ್ ಇದಾರಲ್ಲ ಫೋನಕ್ಕ."

"ಯಾವ ಸರ್?"

"ಅಧ್ಯಕ್ಷರು."

"ತಮಾಷೆ ಮಾಡ್ಬೇಡ ಕಣೇ."

"ನಾನ್ಯಾಕೆ ತಮಾಷೆ ಮಾಡ್ಲಿ? ಎಣಿಸಾಯ್ತು. ನಲವತ್ತೆಂಟು."

ಫೋನಕ್ಕ ಅವಳನ್ನು ದಾಟಿ ಒಳಗೆ ಹೋದಳು. ಮುಂದಿನ ಸಾಲಿನ ಕಿಟಕಿ ಸೀಟು ಖಾಲಿಯಿತ್ತು. ಬೆಲ್ಟು ಮಾತ್ರ ಅಡ್ಡಲಾಗಿ ಬಿಗಿದಿತ್ತು, ಒಂದು ಹೊಟ್ಟೆಯಷ್ಟು ಸಡಿಲ ಬಿಟ್ಟು. ಮುಂದಿನ ಪುಟ್ಟ ಹಲಗೆಯ ಮೇಲೆ ಮಡಿಸಿದ ಪೇಪರು, ಅರ್ಧ ಲೋಟ ನೀರು.

"ನೀರು ಅರ್ಧ ಇದೆಯಲ್ಲ."

"ನಾನು ತುಂಬಿಸೇ ಇಡೋದು," ಎಂದಳು ಗಗನಸಖಿ.

ಹಿಂದಿನ ಸಾಲಿನಿಂದ ಮ್ಯಾನೇಜರರ ಭಾಮೈದ ಕತ್ತು ಚಾಚಿದ. "ಯಾಕ್ರೀ, ಎದ್ದು ಹೋದ್ರಾ ದೊಡ್ಡವರು? ಈಗ ತಾನೇ ನಮಸ್ಕಾರ ಮಾಡ್ದೆ. ಮಾತಾಡ್ಲಿಲ್ಲ, ಕೆಮ್ಮಿದ್ರು ಅಷ್ಟೆ."

ಹತ್ತಿಸುವ ಮುಂಚೆ ಇವನ ಕಿವಿಯಲ್ಲಿ ಮ್ಯಾನೇಜರು ಏನಾದರೂ ಊದಿರಬೇಕು. ದೊಡ್ಡವರ ಹಿಂದಿನ ಸೀಟು, ನಮಸ್ಕಾರ ಮಾಡು ಎಂದಿರಬೇಕು. ಖಾಲಿ ಸೀಟಿಗೂ ಕೈಮುಗಿಯುವ ಜಾತಿ. ಇರಬೇಕು, ಎಂದುಕೊಂಡು ಬಗ್ಗಿ ಬೆಲ್ಟು ಬಿಚ್ಚಿದಳು. ಬಕ್ಕಲ್ಲಿನ ಲೋಹ ಬೆಚ್ಚಗಿತ್ತು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು.

"ಕೂತ್ಕೊಳ್ಳಿ ಅಮ್ಮ."

ಟೈಲರ್ ಹೆಂಗಸು ಹಿಂಜರಿದಳು. "ಯಾರೋ ಇದಾರೆ ಅಂದ್ರಲ್ಲ ಮೇಡಂ."

"ನಿಮ್ಮಕ್ಕ ಕಾಯ್ತಿದಾರೆ."

ಆಕೆ ಕೂತಳು. ಫೋನಕ್ಕನ ಸೊಂಟದಲ್ಲಿದ್ದ ವೈರ್‌ಲೆಸ್ ಕರಕರ ಎಂದಿತು. ಮ್ಯಾನೇಜರರ ದನಿ: "ಎಷ್ಟಾಯ್ತು?"

"ನಲವತ್ತೆಂಟು ಸರ್. ಟೈಲರಮ್ಮ ಬಂದಿದಾರೆ."

"ಅಧ್ಯಕ್ಷರು?"

"ಬರಲಿಲ್ಲ."

ಆ ಕಡೆಯಿಂದ, ಯಾರಿಗಾದರೂ ಕೇಳಿಸೀತೆಂಬಂತೆ ತಗ್ಗಿದ ದನಿ: "ನಿನ್ನ ಕೈಯಲ್ಲೇ ಬರೀ. ನಾನು ಬರಿಯಲ್ಲ."

ಫೋನಕ್ಕ ಪಟ್ಟಿಯನ್ನು ವಿಮಾನದ ಗೋಡೆಗೆ ಆನಿಸಿ ಹಿಡಿದಳು. ಚಿಕ್ಕಪ್ಪ ಈಗ ಇರಲಿಲ್ಲ. ಗೋದಾಮಿನಿಂದ ಬಿಡಿಸಲು ಇನ್ನು ಯಾರ ಫೋನೂ ಬರುವುದಿಲ್ಲ. ಅಧ್ಯಕ್ಷರ ಹೆಸರಿನ ಮುಂದೆ ಬೆಳಿಗ್ಗೆಯೇ ಬರೆದಿಟ್ಟಿದ್ದ 'ಬಂದರು' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಬರೆದಳು. ಕೆಳಗೆ ಟೈಲರಮ್ಮನ ಹೆಸರಿನ ಮುಂದಿದ್ದುದನ್ನೂ ತಿದ್ದಿದಳು. ಸಹಿ ಹಾಕಿದಳು. ಗಗನಸಖಿ ತನ್ನ ಪ್ರತಿ ತೆಗೆದುಕೊಂಡು, ಅದನ್ನು ಓದದೆ ಮಡಿಸಿದಳು.

ಮೆಟ್ಟಿಲು ಸರಿಸಿದರು. ರೆಕ್ಕೆಯ ಪಂಖ ತಿರುಗತೊಡಗಿತು. ಫೋನಕ್ಕ ಹಳದಿ ಗೆರೆಯ ಹಿಂದೆ ನಿಂತು ಮೊದಲನೆಯ ಕಿಟಕಿಯನ್ನು ಹುಡುಕಿದಳು.

ಟೈಲರ್ ಹೆಂಗಸು ಕಂಡಳು. ಸೀಟಿನ ಆಚೆ ತುದಿಗೆ, ಒಂದು ತೊಡೆಯಷ್ಟೇ ಊರಿ, ಕಿಟಕಿಯ ಕಡೆ ಅರ್ಧ ಜಾಗ ಬಿಟ್ಟು ಕೂತಿದ್ದಳು. ಮುಖ ಈ ಕಡೆಗೇ ಇತ್ತು, ತುಟಿ ಅಲ್ಲಾಡುತ್ತಿತ್ತು. ತನಗೇ ಏನೋ ಹೇಳುತ್ತಿದ್ದಾಳೆಂದು ಫೋನಕ್ಕ ಕೈಯೆತ್ತಿದಳು. ವಿಮಾನ ನಿಧಾನ ತಿರುಗಿ, ಗಾಜಿನ ಮೇಲಿನ ಬಿಸಿಲು ಜಾರಿತು. ಆಗ ಗೊತ್ತಾಯಿತು, ಆಕೆಯ ನೋಟ ಗಾಜಿನವರೆಗೂ ಬಂದಿರಲಿಲ್ಲ, ತಾನು ಬಿಟ್ಟಿದ್ದ ಅರ್ಧ ಜಾಗದಲ್ಲೇ ನಿಂತಿತ್ತು.