ತುಳಸಿಕಟ್ಟೆಯ ಕೆಳಗಿನ ಗ್ಲಾಡಿಯೋಲಸ್

ಮೂರು ವರ್ಷ! ಮಲ್ಲೇಶ್ವರದ ನಮ್ಮ ಮಹಿಳಾ ಸಂಘದ ಯುಗಾದಿ ಹೂಸ್ಪರ್ಧೆಯಲ್ಲಿ ಮೂರು ವರ್ಷವೂ ಎದುರುಮನೆ ಮಹಾನಂದಳಿಗೆ ಮೊದಲ ಬಹುಮಾನ, ನನಗೆ ಎರಡನೆಯದು. ಮನೆಯಲ್ಲೇ ಬೆಳೆದ ಹೂವು ತರಬೇಕೆಂಬುದು ನಿಯಮ. ಈ ಸಲ ಸೋತರೆ ನನ್ನ ಹೆಸರು ಶೈಲಜಾ ಅಲ್ಲ ಎಂದು ಶಪಥ ಮಾಡಿ, ಜನವರಿಯಲ್ಲಿ ಹಿತ್ತಲ ತುಳಸಿಕಟ್ಟೆಯ ಕೆಳಗಿನ ಪಾತಿಯಲ್ಲಿ ಗ್ಲಾಡಿಯೋಲಸ್ ಗಡ್ಡೆ ನೆಟ್ಟೆ.

"ಬುಡಕ್ಕೆ ಮೂಳೆ ಪುಡಿ ಹಾಕಿ ಮೇಡಂ, ಹೂವು ಚೆನ್ನಾಗಿ ಬರುತ್ತೆ," ಎಂದಿದ್ದ ನರ್ಸರಿಯ ಮುನಿಸ್ವಾಮಿ. "ಆದ್ರೆ ನೀರು ಧಾರಾಳವಾಗಿ ಕೊಡ್ಬೇಕು. ಒಣಮಣ್ಣಿಗೆ ಗೊಬ್ಬರ ಹಾಕಿದ್ರೂ ಒಂದೇ, ಬಿಟ್ರೂ ಒಂದೇ."

ಮಡಿ ಮನೆಯಲ್ಲಿ ಮೂಳೆ! ಅತ್ತೆ ಜಾನಕಮ್ಮನವರಿಗೆ ಗೊತ್ತಾದರೆ ನನ್ನ ಕಥೆ ಮುಗಿದಂತೆ. ಅರ್ಧ ಪುಡಿ ಪಾತಿಗೆ ಬೆರೆಸಿ, ಉಳಿದದ್ದನ್ನು ಹಳೇ ಡಬ್ಬಕ್ಕೆ ತುಂಬಿ ಹಿತ್ತಲ ಗೂಡಿನಲ್ಲಿ ಅಡಗಿಸಿಟ್ಟೆ. ನೀರಿನ ವಿಷಯ ಮಾತ್ರ ಕೇಳಬೇಡಿ. ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುತ್ತಿತ್ತು. ಪಾತಿಗೆ ಎರಡೇ ಚೊಂಬು. ಗಿಡಗಳು ಗೇಣುದ್ದಕ್ಕೇ ನಿಂತುಬಿಟ್ಟವು.

ಫೆಬ್ರವರಿಯ ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ, ತುಳಸಿಕಟ್ಟೆಯ ಮೇಲೆ ದೊಡ್ಡ ರಂಗೋಲಿ. ಪಕ್ಕದಲ್ಲಿ ನನ್ನ ಡಬ್ಬ!

"ಇದೆಂಥ ರಂಗೋಲಿ ಪುಡಿ ತಂದಿದ್ಯೇ ಶೈಲಾ? ಎಳೆ ನೆಟ್ಟಗೆ ಬೀಳೋದೇ ಇಲ್ಲ," ಎಂದರು ಅತ್ತೆ.

ಸುಮ್ಮನಿರಬಹುದಿತ್ತು. ತುಳಸಿಯ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. ಹೇಳಿಬಿಟ್ಟೆ.

"ರಾಮ ರಾಮಾ! ಎಂಬತ್ನಾಲ್ಕನೇ ವಯಸ್ಸಲ್ಲಿ ನನ್ ಕೈಲಿ ಇದನ್ನೂ ಮಾಡಿಸ್ದೆಯಲ್ಲೇ!" ಎಂದು ಅತ್ತೆ ಹಣೆ ಚಚ್ಚಿಕೊಂಡರು. "ಒಂದು ಮಂಡಲ, ನಲವತ್ತೆಂಟು ದಿನ, ದಿನಾ ಆರು ಕೊಡ ನೀರು ಸುರಿದು ಕಟ್ಟೆ ತೊಳೀಬೇಕು. ನೀರು ಹೊರೋಳು ನೀನೇ!"

ಹೊತ್ತೆ. ಪಕ್ಕದ ಬೀದಿಯ ಬೋರ್‌ವೆಲ್ಲಿನಿಂದ, ಒಳಗೊಳಗೇ ಬೈದುಕೊಂಡು ಹೊತ್ತೆ. ಸೊಂಟ ಬಿದ್ದುಹೋಯಿತು. ಕಟ್ಟೆ ತೊಳೆದ ನೀರೆಲ್ಲ ಇಳಿದು ಪಾತಿಯಲ್ಲಿ ಇಂಗುತ್ತಿತ್ತು. ಮೂರನೇ ವಾರಕ್ಕೆ ಗಿಡಗಳು ನನ್ನ ಮೊಣಕಾಲು ದಾಟಿದವು. ಮಂಡಲ ಮುಗಿಯುವಷ್ಟರಲ್ಲಿ ಬೆರಳುಗಾತ್ರದ ಹೂಕಡ್ಡಿಗಳು, ಮೈತುಂಬ ಮೊಗ್ಗು. ಅಯ್ಯೋ, ಆ ಖುಷಿ ಏನು ಹೇಳಲಿ!

ಸ್ಪರ್ಧೆಯ ದಿನ ನಸುಕಿನಲ್ಲಿ, ಕೆಳಗಿನ ಒಂದೊಂದೇ ಹೂವು ಅರಳಿದ್ದ ಹನ್ನೆರಡು ಕಡ್ಡಿ ಕೊಯ್ದೆ. ಮೊದಲ ಬಹುಮಾನ ನನ್ನದೇ!

"ಏನ್ ಗೊಬ್ಬರ ಹಾಕಿದ್ರಿ ಶೈಲಜಾ?" ಎಂದು ಮಹಾನಂದ ಎಲ್ಲರೆದುರೇ ಕೇಳಿದಳು. ನಾನು ಜೊತೆಗೆ ಬಂದಿದ್ದ ಅತ್ತೆಯ ಕಡೆ ತಿರುಗಿದೆ.

"ಗೊಬ್ಬರ ಎಂಥದ್ದಮ್ಮಾ? ಎಲ್ಲಾ ತುಳಸಿ ತೀರ್ಥ," ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಮನೆಗೆ ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ಮುಂದಿನ ವರ್ಷಾನೂ ಆ ಹಾಳು ಪುಡಿ ತಾರೇ. ಕಟ್ಟೆ ತೊಳ್ಯೋಕೆ ನೆಪ ನಾನು ಹುಡುಕ್ತೀನಿ."