ಲೋವೆಲ್ ಟ್ವೇಟ್ ಅಧ್ಯಕ್ಷನಾಗದೆ ಉಳಿದದ್ದು

ಲೋವೆಲ್ ಟ್ವೇಟ್‌ಗೆ ಅಮೆರಿಕದ ಸಂವಿಧಾನದ ಮೇಲಿದ್ದಷ್ಟು ಪ್ರೀತಿ ಟೋರ್ವಿಕ್ ಊರಿನಲ್ಲಿ ಇನ್ಯಾರಿಗೂ ಇರಲಿಲ್ಲ. ಇಡೀ ಸಂವಿಧಾನದ ಮೇಲಲ್ಲ, ಅದರ ಒಂದೇ ಒಂದು ಸಾಲಿನ ಮೇಲೆ. ಹುಟ್ಟಿನಿಂದಲೇ ಈ ದೇಶದ ಪ್ರಜೆಯಾದವರು ಮಾತ್ರ ಅಧ್ಯಕ್ಷರಾಗಬಹುದು ಎನ್ನುವ ಸಾಲು ಅದು. ಲೋವೆಲ್ ಹುಟ್ಟಿದ್ದು ಕೊರಿಯಾದಲ್ಲಿ. ಐದು ತಿಂಗಳ ಕೂಸಾಗಿದ್ದಾಗ ವಿಮಾನದಲ್ಲಿ ಬಂದು ಮಿನೆಸೋಟದ ಹೈನುಗಾರ ಆರ್ವಿಡ್ ಟ್ವೇಟ್‌ನ ಮನೆಗೆ ದತ್ತುಮಗನಾಗಿ ಸೇರಿದವನು. ಆಮೇಲೆ ಅವನು ಪ್ರಜೆಯಾದ, ಲುಥರನ್ ಚರ್ಚಿನವನಾದ, ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಮೀನಿಗೆ ಕಾಯುವವನಾದ, ಐವತ್ತರ ಹೊತ್ತಿಗೆ ಹೊಟ್ಟೆಯನ್ನೂ ಬೆಳೆಸಿಕೊಂಡ. ಊರಿನ ಗಂಡಸರು ಏನೇನು ಆಗುತ್ತಾರೋ ಅದೆಲ್ಲ ಆಗಿದ್ದ, ಅಧ್ಯಕ್ಷ ಮಾತ್ರ ಆಗಿರಲಿಲ್ಲ. ಊರಿನ ಬೇರೆ ಗಂಡಸರೂ ಅಧ್ಯಕ್ಷರಾಗಿರಲಿಲ್ಲ. ಆದರೆ ಅವರ ಹತ್ತಿರ ಕಾರಣ ಇರಲಿಲ್ಲ, ಲೋವೆಲ್ ಹತ್ತಿರ ಇತ್ತು.

ಆ ಕಾರಣವನ್ನು ಅವನು ಚೆನ್ನಾಗಿ ದುಡಿಸಿಕೊಂಡಿದ್ದ. ಕೆಫೆಯಲ್ಲಿ ಯಾರಾದರೂ ಸರ್ಕಾರವನ್ನು ಬೈಯತೊಡಗಿದರೆ, "ನಾನೇ ಅಧ್ಯಕ್ಷನಾಗಿ ಎಲ್ಲ ಸರಿ ಮಾಡ್ತಿದ್ದೆ. ಏನ್ಮಾಡ್ಲಿ, ಸಂವಿಧಾನ ಬಿಡಲಿಲ್ಲ," ಅನ್ನುವನು. ಜನ ನಗುವರು. ಪರಿಚಾರಿಕೆ ಇನ್ನೊಂದು ಸುತ್ತು ಕಾಫಿ ಸುರಿಯುವಳು. ಚರ್ಚಿನ ಸಮಿತಿಗೆ ನಿಲ್ಲಪ್ಪಾ ಅಂದರೂ ಅದೇ ಮಾತು, ಮಕ್ಕಳ ಹಾಕಿ ತಂಡಕ್ಕೆ ಮುಂದಾಳಾಗು ಅಂದರೂ ಅದೇ ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲೋವೆಲ್ ಪಾಲಿಗೆ ಡೊಂಕು ನೆಲವನ್ನು ದೇಶದ ಹಿರಿಯರೇ ಬರೆದು ಸಹಿ ಹಾಕಿ ಕೊಟ್ಟಿದ್ದರು.

"ಚರ್ಚಿನ ಸಮಿತಿಗೆ ಎಲ್ಲಿ ಹುಟ್ಟಿದವರಾದ್ರೂ ಆಗುತ್ತೆ ಕಣೋ," ಎಂದು ಅವನ ಹೆಂಡತಿ ರೆನೇ ಒಮ್ಮೆ ಹೇಳಿದ್ದಳು.

"ಅದು ಗೊತ್ತು ಕಣೇ. ಒಂದು ಸಲ ಅಧಿಕಾರದ ರುಚಿ ಹತ್ತಿದ್ರೆ ಆಮೇಲೆ ಮೇಲಿಂದು ಬೇಕು ಅನ್ಸುತ್ತೆ. ಸುಮ್ನೆ ದೇಶಕ್ಕೆ ಯಾಕೆ ತೊಂದರೆ?"

ನಿಜ ಏನೆಂದರೆ ಅವನಿಗೆ ಸೋಲೆಂದರೆ ಭಯ. ಅದನ್ನು ಅವನು ಹೊರಗೆ ಒಪ್ಪಿಕೊಳ್ಳದಿದ್ದರೂ ಒಳಗೊಳಗೆ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದ. ಬೆಳೆ ವಿಮೆ ಮಾರುವುದು ಅವನ ಕಸುಬು. ಆಲಿಕಲ್ಲು ಬಿದ್ದರೆ, ಜೋಳ ಒಣಗಿದರೆ ಊರವರಿಗೆಲ್ಲ ಪರಿಹಾರ ಕೊಡಿಸುವವನು ತನಗೆ ಮಾತ್ರ ಸಂವಿಧಾನದ ವಿಮೆಯನ್ನೇ ಮಾಡಿಸಿಕೊಂಡಿದ್ದ. ಅದಕ್ಕೆ ಕಂತು ಕಟ್ಟುವ ತಾಪತ್ರಯವೂ ಇರಲಿಲ್ಲ.

ಆ ವಿಮೆಗೆ ಕುತ್ತು ಬಂದದ್ದು ಫೆಬ್ರವರಿಯ ವಾರ್ಡ್ ಸಭೆಯಲ್ಲಿ. ಚುನಾವಣೆಯ ವರ್ಷ ಪಕ್ಷದವರು ಹೀಗೆ ನೆರೆಹೊರೆಯವರನ್ನು ಶಾಲೆಯ ಊಟದ ಕೋಣೆಯಲ್ಲಿ ಸೇರಿಸುತ್ತಾರೆ. ಯಾರು ಬೇಕಾದರೂ ಒಂದು ಠರಾವು ಓದಬಹುದು, ಕೈ ಎತ್ತಿಸಿ ಪಾಸಾದರೆ ಅದು ಕೌಂಟಿ, ಅಂದರೆ ಜಿಲ್ಲೆಯ, ಸಭೆಗೆ ಹೋಗುತ್ತದೆ, ಅಲ್ಲಿಂದ ಮೇಲಕ್ಕೆ, ಇನ್ನೂ ಮೇಲಕ್ಕೆ. ಎಲ್ಲಿ ಹೋಗಿ ಮುಟ್ಟುತ್ತದೋ ಯಾರೂ ಕಂಡವರಿಲ್ಲ. ಆದರೂ ಟೋರ್ವಿಕ್‌ನ ಜನ ಚಳಿಯಲ್ಲಿ ಮೂಗು ಒರೆಸಿಕೊಳ್ಳುತ್ತ ಬಂದು, ಮಕ್ಕಳ ಪುಟ್ಟ ಬೆಂಚುಗಳ ಮೇಲೆ ಮಂಡಿ ಮಡಿಸಿ ಕೂತು, ಜಿಂಕೆ ಬೇಟೆ, ಶಾಲೆಯ ಬಸ್ಸು ಅಂತ ಠರಾವು ಮಾಡುತ್ತಾರೆ. ಅಂಚೆ ಕಚೇರಿಯಿಂದ ನಿವೃತ್ತಳಾದ ವೆರ್ನಾ ಸ್ಕೋಗ್ಲಂಡ್ ಸಭೆ ನಡೆಸುವವಳು. ಅವಳು ಬೆಣ್ಣೆ ಹಾಕಿ ಮಾಡಿ ತಂದ ನಿಂಬೆ ಮಿಠಾಯಿಗೆಂದೇ ಬರುವವರು ಕೆಲವರಿದ್ದರು. ಲೋವೆಲ್ ಆ ಗುಂಪಿನವನು.

"ಇನ್ನೇನಾದ್ರೂ ಠರಾವು ಇದೆಯಾ? ಇಲ್ದಿದ್ರೆ ಕಾಫಿ ಕುಡಿಯೋಣ," ಅಂದಳು ವೆರ್ನಾ.

ಆಗ ಎದ್ದು ನಿಂತವನು ಲೋವೆಲ್‌ನ ಅಪ್ಪ. ಎಂಬತ್ತು ದಾಟಿದ ಆರ್ವಿಡ್ ಸಭೆಗಳಲ್ಲಿ ಬಾಯಿ ತೆರೆಯುತ್ತಿದ್ದದ್ದು ಕಾಫಿಗೆ ಮಾತ್ರ. ಅವನು ಅಂಗಿ ಜೇಬಿನಿಂದ ಒಂದು ಚೀಟಿ ತೆಗೆದು, ಕನ್ನಡಕ ಸರಿಮಾಡಿಕೊಂಡು ಓದಿದ.

"ಬೇರೆ ದೇಶದಲ್ಲಿ ಹುಟ್ಟಿ ಇಲ್ಲಿನ ಪ್ರಜೆಗಳಾದವರೂ ಅಧ್ಯಕ್ಷರಾಗೋ ಹಾಗೆ ಸಂವಿಧಾನ ತಿದ್ದಬೇಕು. ಇಷ್ಟೇ." ಕೂತ. ಮತ್ತೆ ಎದ್ದ. "ನನ್ನ ಮಗನಿಗೋಸ್ಕರ ಅಂತ ಅಲ್ಲ. ಆದ್ರೆ ನನ್ನ ಮಗನೂ ಅದರಲ್ಲಿ ಬರ್ತಾನೆ."

ಲೋವೆಲ್‌ನ ಗಂಟಲಲ್ಲಿ ಮಿಠಾಯಿ ಸಿಕ್ಕಿಕೊಂಡಿತು. ಮೊದಲು ಅವನಿಗೆ ಅಪ್ಪ ತಮಾಷೆ ಮಾಡುತ್ತಿದ್ದಾನೆ ಅನ್ನಿಸಿತು. ಆದರೆ ಅಪ್ಪ ತಮಾಷೆ ಮಾಡಿದ್ದನ್ನು ಅವನು ಹುಟ್ಟಿದಾಗಿನಿಂದ, ಅಂದರೆ ವಿಮಾನ ಇಳಿದಾಗಿನಿಂದ, ಕಂಡಿರಲಿಲ್ಲ.

ಗೇಲನ್ ಹೂಸೆಬಿ ಗಂಟಲು ಸರಿಮಾಡಿಕೊಂಡ. ಅವನು ಲೋವೆಲ್‌ನ ಶಾಲೆಯ ಜೊತೆಗಾರ, ಈ ವಾರ್ಡಿನ ಪರವಾಗಿ ಪ್ರತಿ ಸಲ ಕೌಂಟಿ ಸಭೆಗೆ ಹೋಗಿಬರುವವನು, ಕಾನೂನು ಕಾಯಿದೆ ಓದಿಕೊಂಡವನು.

"ನೋಡು ಆರ್ವಿಡ್, ನಾನು ಲೋವೆಲ್ ವಿಷಯ ಹೇಳ್ತಿಲ್ಲ. ಲೋವೆಲ್ ನಮ್ಮವನು. ಆದ್ರೆ ಬಾಗಿಲು ತೆಗೆದ್ರೆ ಲೋವೆಲ್ ಒಬ್ಬನೇ ಒಳಗೆ ಬರಲ್ವಲ್ಲ. ಯಾರೋ ದೊಡ್ಡ ಸಾಹುಕಾರ, ಮನಸ್ಸು ಪೂರ್ತಿ ಇನ್ನೊಂದು ದೇಶದಲ್ಲಿ, ಅವನ ಕೈಗೆ ನಮ್ಮ ಸೈನ್ಯ ಕೊಡೋದಾ? ಇರೋ ಕುರ್ಚಿಗಳಲ್ಲಿ ಒಂದೇ ಒಂದು ಕುರ್ಚಿಗೆ ಈ ನಿಯಮ. ಇರಲಿ ಬಿಡು."

"ನಮ್ಮಜ್ಜ ನಾರ್ವೆಯಲ್ಲಿ ಹುಟ್ಟಿದವನು," ಅಂದಳು ವೆರ್ನಾ. "ಅವನನ್ನ ಅಧ್ಯಕ್ಷ ಮಾಡಿದ್ರೆ ದೇಶ ಮೂರಾಬಟ್ಟೆ ಆಗ್ತಿತ್ತು. ನಾರ್ವೆಯಲ್ಲಿ ಹುಟ್ಟಿದ್ದಕ್ಕಲ್ಲ, ಕುಡೀತಿದ್ದ ಅದಕ್ಕೆ."

"ಹಸು ಕೊಳ್ಳೋವಾಗ ಯಾವ ಕೊಟ್ಟಿಗೆಯದು ಅಂತ ನಾನೂ ಕೇಳ್ತೀನಿ ಗೇಲನ್," ಅಂದ ಆರ್ವಿಡ್. "ಆದ್ರೆ ಹಾಲು ಕರೆದು ನೋಡ್ದೆ ಹಟ್ಟಿಯಿಂದ ಆಚೆ ಅಟ್ಟಲ್ಲ. ನಿನಗೆ ಆ ಸಾಹುಕಾರ ಬೇಡ ಅಂದ್ರೆ ಓಟು ಹಾಕಬೇಡ. ಓಟು ಇರೋದು ಅದಕ್ಕೇ ಅಲ್ವಾ?"

ಯಾರೋ "ಅದೂ ಸರಿಯೇ" ಅಂದರು. ಮುಖಗಳು ಮೆಲ್ಲಗೆ ಅಪ್ಪನ ಕಡೆ ವಾಲುತ್ತಿದ್ದವು. ಇದನ್ನು ನೋಡಿ ಲೋವೆಲ್‌ಗೆ ಹೆಮ್ಮೆಯಾಗಬೇಕಿತ್ತು. ಆದದ್ದು ಗಾಬರಿ. ಟೋರ್ವಿಕ್ ವಾರ್ಡಿನ ಠರಾವಿನಿಂದ ಸಂವಿಧಾನದ ಕೂದಲೂ ಕೊಂಕುವುದಿಲ್ಲ ಎಂದು ಗೊತ್ತಿದ್ದೂ ಗಾಬರಿ. ಆ ಸಾಲು ಹೋದರೆ ತನ್ನ ಹತ್ತಿರ ಉಳಿಯುವುದೇನು? ಯಾವುದಕ್ಕೂ ನಿಲ್ಲದ, ಯಾವುದನ್ನೂ ಗೆಲ್ಲದ, ಬೇರೆಯವರ ಮನೆಯ ಮಿಠಾಯಿ ತಿನ್ನುವ ಒಬ್ಬ ವಿಮಾ ಏಜೆಂಟು.

"ಲೋವೆಲ್, ಇದು ನಿನ್ನ ವಿಷಯ. ನೀನೇ ಒಂದು ಮಾತು ಹೇಳಪ್ಪ," ಅಂದಳು ವೆರ್ನಾ.

ಲೋವೆಲ್ ಎದ್ದ. ಅಭ್ಯಾಸಬಲ ಎನ್ನುವುದು ದೊಡ್ಡದು, ಬಾಯಿ ತಾನಾಗಿಯೇ ಹಳೆಯ ದಾರಿ ಹಿಡಿಯಿತು.

"ಬಿಟ್ಬಿಡು ಅಪ್ಪಾ. ಆ ಹಿರಿಯರು ಇನ್ನೂರು ವರ್ಷ ಮುಂಚೆಯೇ ನನ್ನಂಥವನೊಬ್ಬ ಬರ್ತಾನೆ ಅಂತ ಕಂಡುಕೊಂಡೇ ಆ ಸಾಲು ಬರೆದಿರೋದು. ದೇಶ ಹೇಗೋ ಬಚಾವಾಗಿದೆ, ಮತ್ತೆ ಯಾಕೆ ಅದನ್ನ ಬಾವಿಗೆ ತಳ್ತೀಯ?"

ಊಟದ ಕೋಣೆ ಗೊಳ್ಳೆಂದಿತು. ಗೇಲನ್ ಮೇಜು ಬಡಿದು ನಕ್ಕ. ಅಪ್ಪ ಒಬ್ಬ ನಗಲಿಲ್ಲ. ಚೀಟಿಯನ್ನು ಎರಡು ಮಡಿಕೆ ಮಾಡಿ, ಇನ್ನೂ ಒಂದು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಆ ಮುಖ ನೋಡಿದ ಮೇಲೆ ಲೋವೆಲ್‌ಗೆ ತಾನು ಆಡಿದ ಮಾತನ್ನು ಮಿಠಾಯಿಯ ಜೊತೆಗೇ ನುಂಗಿಬಿಡಬೇಕಿತ್ತು ಅನ್ನಿಸಿತು.

ಕೈ ಎತ್ತಿಸಿದಾಗ ಠರಾವು ಒಂದೇ ಒಂದು ಮತದಿಂದ ಬಿತ್ತು.

ವೆರ್ನಾ ಇನ್ನೊಮ್ಮೆ ಎಣಿಸಿದಳು, ಕನ್ನಡಕ ತೆಗೆದಳು, ಟ್ವೇಟ್ ಮನೆಯವರು ಕೂತಿದ್ದ ಬೆಂಚನ್ನೇ ನೋಡಿದಳು. ಆರ್ವಿಡ್‌ನ ಕೈ ಕಾಫಿ ಲೋಟದ ಸುತ್ತ ಇತ್ತು. ರೆನೇಯ ಕೈ ಮಡಿಲಲ್ಲಿತ್ತು. ಲೋವೆಲ್ ತನ್ನ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ. ತನಗೆ ತಾನೇ ಮತ ಹಾಕಿಕೊಳ್ಳುವುದು, ತನ್ನವರಿಗಾಗಿ ಕೈ ಎತ್ತುವುದು ಟೋರ್ವಿಕ್‌ನಲ್ಲಿ ನಾಚಿಕೆಗೇಡು. ನೆಂಟರ ಮನೆಯಲ್ಲಿ ಯಾರೂ ಕೇಳುವ ಮುಂಚೆ ಪಾತ್ರೆಗೆ ಸೌಟು ಹಾಕಿ ಬಡಿಸಿಕೊಂಡ ಹಾಗೆ. ಮೂರು ಕೈಗಳೂ ಮರ್ಯಾದೆ ಕಾಪಾಡಿಕೊಂಡವು, ಠರಾವು ಸತ್ತಿತು.

"ದೇವರೇ ನಿಮ್ಮನ್ನ ಕಾಪಾಡಬೇಕು," ಅಂದಳು ವೆರ್ನಾ. "ಕಾಫಿ ಕುಡೀರಿ."

ಕೋಟು ನೇತುಹಾಕುವ ಓಣಿಯಲ್ಲಿ ಲೋವೆಲ್ ಅಪ್ಪನನ್ನು ಹಿಡಿದ.

"ನಿನ್ನ ಠರಾವಿಗೆ ನೀನೇ ಕೈ ಎತ್ತಲಿಲ್ವಲ್ಲಪ್ಪ?"

"ಸ್ವಂತ ಮಗನ ವಿಷಯಕ್ಕೆ ಹೇಗೆ ಎತ್ಲಿ? ಜನ ಏನಂದ್ಕೋತಾರೆ? ನೀನು ಯಾಕೆ ಎತ್ತಲಿಲ್ಲ?"

"ನನ್ನ ವಿಷಯಕ್ಕೆ ನಾನೇ ಹೇಗೆ ಎತ್ಲಿ?"

ಲೋವೆಲ್ ಗೋಡೆಯ ಮೇಲೆ ಸೊಟ್ಟಗಿದ್ದ ಮಕ್ಕಳ ಚಿತ್ರವೊಂದನ್ನು ನೆಟ್ಟಗೆ ಮಾಡಿದ.

"ಈ ವಯಸ್ಸಲ್ಲಿ ನಿನಗೆ ಇದೆಲ್ಲ ಯಾಕೆ ಬೇಕಿತ್ತು? ಅದು ನಾನು ತಮಾಷೆಗೆ ಹೇಳ್ತಿದ್ದ ಮಾತು."

"ತಮಾಷೆ ಅಂತ ನನಗೂ ಗೊತ್ತು. ಮೂರನೇ ಕ್ಲಾಸಲ್ಲಿ ತಮಾಷೆ ಆಗಿರಲಿಲ್ಲ." ಅಪ್ಪ ಮಗನ ಮುಖ ನೋಡದೆ ಹೇಳಿದ. "ಮೇಡಮ್ಮು ಕ್ಲಾಸಲ್ಲಿ, ನಿಮ್ಮಲ್ಲಿ ಯಾರು ಬೇಕಾದ್ರೂ ಅಧ್ಯಕ್ಷರಾಗಬಹುದು ಅಂದ್ರಂತೆ. ಆಮೇಲೆ ನಿನ್ನ ನೋಡಿ, ಲೋವೆಲ್ ಒಬ್ಬನನ್ನ ಬಿಟ್ಟು ಅಂದ್ರಂತೆ. ನಾನು ಹಾಲು ಕರೀತಿದ್ದೆ, ನೀನು ಬಂದು ಹೇಳಿದೆ. ನಾನು ಆ ನಿಯಮ ತಿದ್ದಿಸ್ತೀನಿ ಬಿಡು ಅಂದೆ. ನೀನು ನಂಬಿದೆ. ಸರಿ ಅಪ್ಪಾ ಅಂತ ಹೋಗಿ ಊಟ ಮಾಡಿದೆ."

ಲೋವೆಲ್‌ಗೆ ನೆನಪಿತ್ತು. ಮಾರನೇ ದಿನ ಶಾಲೆಯಲ್ಲಿ ಅದನ್ನೇ ತಮಾಷೆ ಮಾಡಿ ಹೇಳಿದಾಗ ಎಲ್ಲರೂ ನಕ್ಕಿದ್ದು ಇನ್ನೂ ಚೆನ್ನಾಗಿ ನೆನಪಿತ್ತು. ಆ ನಗು ಅವನಿಗೆ ಒಳ್ಳೆಯ ಮದ್ದಾಗಿ ಕಂಡಿತ್ತು. ಆಮೇಲೆ ನಲವತ್ತು ವರ್ಷ ಅದನ್ನೇ ಕುಡಿದ.

"ನಿಮ್ಮಮ್ಮ ಇರೋತನಕ ಹೇಳ್ತಾನೇ ಇದ್ಲು, ಒಂದು ಠರಾವು ಬರಿ ಅಂತ. ನಾನು ನಾಚಿಕೊಂಡು ಕೂತೆ. ನೀನು ಆ ಮಾತು ಆಡಿದಾಗೆಲ್ಲ ಊರು ನಗ್ತಿತ್ತು, ನನಗೆ ನಗು ಬರ್ತಿರಲಿಲ್ಲ. ಹೋಗಲಿ ಬಿಡು. ನಡಿ, ವೆರ್ನಾ ಕರೀತಿದ್ದಾಳೆ."

ಒಳಗೆ ಕೊನೆಯ ಕೆಲಸ ನಡೆದಿತ್ತು. ಕೌಂಟಿ ಸಭೆಗೆ ವಾರ್ಡಿನಿಂದ ಒಬ್ಬ ಪ್ರತಿನಿಧಿ ಬೇಕಿತ್ತು. ಇಲ್ಲಿ ಬಿದ್ದ ಠರಾವನ್ನು ಬೇಕಾದರೆ ಆ ಪ್ರತಿನಿಧಿ ಅಲ್ಲಿ ಮತ್ತೆ ಎತ್ತಬಹುದು ಎಂದು ವೆರ್ನಾ, ಯಾರನ್ನೂ ನೋಡದೆ, ಸ್ವಲ್ಪ ಜೋರಾಗಿಯೇ ಹೇಳಿದಳು. ಯಾರೋ ಗೇಲನ್ ಹೆಸರು ಸೂಚಿಸಿದರು. ಗೇಲನ್ ಪದ್ಧತಿಯಂತೆ, "ಅಯ್ಯೋ ಬೇಡ, ಈ ಸಲ ಬೇರೆ ಯಾರಾದ್ರೂ ಹೋಗಲಿ," ಅಂದ. ಅವನನ್ನು ಇನ್ನೊಮ್ಮೆ ಕೇಳುವುದು, ಅವನು ಇನ್ನೊಮ್ಮೆ ಬೇಡ ಅನ್ನುವುದು, ಆಮೇಲೆ ಹೂಂ ಅನ್ನುವುದು, ಎಲ್ಲ ಗೊತ್ತಿದ್ದದ್ದೇ.

"ಹಾಗಾದ್ರೆ ನಾನು ಹೋಗ್ತೀನಿ," ಅಂದ ಲೋವೆಲ್.

ಗೇಲನ್ ಬಾಯಿ ತೆರೆದಿದ್ದು ಹಾಗೇ ಉಳಿಯಿತು.

"ನಿನ್ನ ಹೆಸರು ಯಾರು ಸೂಚಿಸ್ತಾರೆ?" ಅಂದಳು ವೆರ್ನಾ.

"ನಾನೇ."

ರೆನೇ ಗಂಡನನ್ನು, ಬಟ್ಟೆ ಇಲ್ಲದೆ ಬೀದಿಗೆ ಇಳಿದವನನ್ನು ನೋಡುವಂತೆ ನೋಡಿದಳು. ಲೋವೆಲ್‌ನ ಕಿವಿಗಳು ಬಿಸಿಯಾಗಿದ್ದವು. ಏನಾದರೂ ತಮಾಷೆ ಹೇಳು ಎಂದು ನಾಲಿಗೆ ತುರಿಸುತ್ತಿತ್ತು. ಅದನ್ನು ಕಚ್ಚಿ ಹಿಡಿದ.

"ನನಗೆ ಈ ಕೆಲಸ ಗೊತ್ತಿಲ್ಲ. ಗೇಲನ್‌ಗೆ ಗೊತ್ತು. ಆದ್ರೆ ನಾನು ಹೋದ್ರೆ ನಮ್ಮಪ್ಪನ ಠರಾವು ಅಲ್ಲಿ ಎತ್ತುತ್ತೀನಿ. ಆಗ ನಗಿಸಿದ್ನಲ್ಲ, ಅದು ತಪ್ಪಾಯ್ತು. ಆ ನಿಯಮದಿಂದ ನನಗೆ ಬೇಜಾರಾಗಿತ್ತು. ಎಂಟು ವರ್ಷದವನಿದ್ದಾಗ ತುಂಬಾ ಬೇಜಾರಾಗಿತ್ತು. ಇಷ್ಟೇ."

ವೆರ್ನಾ ಕೈ ಎತ್ತಲು ಹೇಳಿದಾಗ ಎಲ್ಲರಿಗಿಂತ ಮೊದಲು ಮೇಲೆ ಹೋದದ್ದು ಲೋವೆಲ್‌ನ ಕೈಯೇ. ಆಮೇಲೆ ರೆನೇಯದು. ಆಮೇಲೆ, ಅಕ್ಕಪಕ್ಕ ಒಮ್ಮೆ ನೋಡಿ, ಅಪ್ಪನದು. ಇನ್ನೂ ಮೂರ್ನಾಲ್ಕು ಕೈ ಎದ್ದವು. ಆಮೇಲೆ ಗೇಲನ್‌ಗೆ ಕೈ ಎತ್ತಲು ಹೇಳಿದಾಗ ಉಳಿದ ಕೋಣೆಯೆಲ್ಲ ಎತ್ತಿತು, ಗೇಲನ್ ಒಬ್ಬನನ್ನು ಬಿಟ್ಟು. ಎಣಿಸುವ ಅಗತ್ಯವೇ ಬೀಳಲಿಲ್ಲ. ಯಾವ ಸಂವಿಧಾನವೂ ಅಡ್ಡ ಬಂದಿರಲಿಲ್ಲ, ಯಾವ ಹಿರಿಯರೂ ಏನೂ ಬರೆದಿಟ್ಟಿರಲಿಲ್ಲ. ಜನಕ್ಕೆ ಗೇಲನ್ ಬೇಕಿತ್ತು, ಲೋವೆಲ್ ಬೇಕಿರಲಿಲ್ಲ, ಅಷ್ಟೇ.

ಹೊರಗೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿತ್ತು. ಲೋವೆಲ್ ಅದನ್ನು ಹೆರೆಯುತ್ತ, ಹಾಳು ಅಭ್ಯಾಸ, ಕಾರಣ ಹುಡುಕತೊಡಗಿದ.

"ಚಳಿ ಅಂತ ಜನ ಕಡಿಮೆ ಬಂದಿದ್ರು."

"ಚಳಿ ಗೇಲನ್‌ಗೂ ಇತ್ತು," ಅಂದ ಅಪ್ಪ.

"ನಾನು ಮೊದಲೇ ಹೇಳಿಟ್ಟಿದ್ರೆ..."

"ಹೇಳಿಟ್ಟಿದ್ರೂ ಸೋಲ್ತಿದ್ದೆ. ಗೇಲನ್ ನಿನಗಿಂತ ಚೆನ್ನಾಗಿ ಆ ಕೆಲಸ ಮಾಡ್ತಾನೆ."

ಅಪ್ಪ ನಗುತ್ತಿದ್ದ. ಬರೀ ತುಟಿಯಲ್ಲಲ್ಲ, ಭುಜ ಕುಲುಕುವಂತೆ ನಗುತ್ತಿದ್ದ. ಲೋವೆಲ್ ಹೆರೆಯುವುದನ್ನು ನಿಲ್ಲಿಸಿದ.

"ಮಗ ಊರಿನವರ ಮುಂದೆ ಮುಖಭಂಗ ಮಾಡಿಸಿಕೊಂಡು ಬಂದಿದ್ದಾನೆ, ನೀನು ನಗ್ತೀಯಲ್ಲಪ್ಪ?"

"ನಿಮ್ಮ ಮುತ್ತಜ್ಜ ಚರ್ಚಿನ ಸಮಿತಿಗೆ ನಿಂತು ಸೋತ," ಅಂದ ಆರ್ವಿಡ್. "ನಿಮ್ಮಜ್ಜ ಹಾಲಿನ ಸಹಕಾರ ಸಂಘಕ್ಕೆ ನಿಂತು ಸೋತ, ಎರಡು ಸಲ. ನಾನು ಶಾಲೆಯ ಮಂಡಳಿಗೆ ನಿಂತು ಸೋತೆ. ನಮ್ಮ ಮನೆತನದಲ್ಲಿ ಒಂದು ಸಲವೂ ಸೋಲದವನು ಅಂದ್ರೆ ನೀನೊಬ್ಬನೇ ಇದ್ದೆ."

ಲೋವೆಲ್‌ಗೆ ತಕ್ಷಣ ಒಂದು ತಮಾಷೆ ಹೊಳೆಯಿತು, ಒಳ್ಳೆಯದೇ ಇತ್ತು. ಆದರೆ ಕಣ್ಣು ತುಂಬಿಬಂದು ಹೇಳಲಾಗಲಿಲ್ಲ. ಅವನು ಅಪ್ಪನ ಕಡೆಯ ಬಾಗಿಲು ತೆರೆದು ಹಿಡಿದ.