ಸೊಪ್ಪಿನಡಿಯ ಹುಳು

ಥೂ, ಅದೇ ವಾಸನೆ — ಬಟವಾಡಿಯ ಈ ಕ್ಲಿನಿಕ್ಕಿನ ಫಿನಾಯಿಲನ್ನೂ ಮೀರಿ ಮೂಗಿಗೆ ಅಡರುತ್ತಿರುವುದು ತನ್ನದೇ ಬಲಗಿವಿಯ ಹತ್ತಿಯ ನಾತ, ಶಶಿಕಲಾ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು, ಪಕ್ಕದಲ್ಲಿ ಕೂತ ಅತ್ತೆ ಚಿಕ್ಕಮಾರಮ್ಮ ಹೆದರ್ಕಬ್ಯಾಡ ಕಣವ್ವ ಎಂದು ಬೆನ್ನು ಸವರುತ್ತಿದ್ದಾರೆ, ಆ ಬೆರಳು, ಹರಳೆಣ್ಣೆಯ ಆ ಬೆರಳುಗಳೇ — ಮೂರು ವಾರದ ಹಿಂದೆ ಇದೇ ಕುರ್ಚಿಯಲ್ಲಿ ಕೂರಿಸಿ ಡಾಕ್ಟರು ಹೇಳಿರಲಿಲ್ಲವೇ, ಕಿವಿತಮಟೆ ತೂತಾಗಿದೆ ಮೇಡಂ, ಕೊಯ್ಯೋದೇನೂ ಬೇಡ, ರೇಷ್ಮೆಯಿಂದ ಮಾಡಿದ ತೆಳು ಪೊರೆ ಬಂದಿದೆ, ಅಂಟಿಸ್ತೀನಿ, ಅದರ ಮೇಲೇ ಚರ್ಮ ಹಬ್ಬುತ್ತೆ, ಆದ್ರೆ ಒಂದು ತಿಂಗಳು ನೀರು, ಎಣ್ಣೆ ಏನೂ ಸೋಕಬಾರದು. ರೇಷ್ಮೆ ಎಂದೊಡನೆ ಅವಳಿಗೆ ನೆನಪಾದದ್ದು ಕುಣಿಗಲ್ ಕಡೆಯ ತವರು, ಮಲಗುವ ಕೋಣೆಯಲ್ಲೂ ಹುಳದ ತಟ್ಟೆ, ರಾತ್ರಿಯೆಲ್ಲ ಸೊಪ್ಪು ಮೇಯುವ ಚರಚರ, ಆ ಹುಳದ ಬಾಯಿಂದ ಬಂದದ್ದು ತನ್ನ ಕಿವಿಯೊಳಗೇ — ಆದರೂ ಹೂಂ ಎಂದಳು, ಕತ್ತರಿಗಿಂತ ಹುಳವೇ ವಾಸಿ, ತಾನು ಪಾಠ ಹೇಳುವ ಗುಬ್ಬಿಯ ಶಾಲೆಯಲ್ಲಿ ಯಾವ ಮಗು ಮಿಸ್ ಎಂದರೂ ಎಡಗಿವಿ ತಿರುಗಿಸಬೇಕು, ಮುಂದಿನ ಬೆಂಚಿನ ತೇಜಸ್ವಿನಿ ಮೂಗಿನ ಮೇಲೆ ಕೈ ಇಟ್ಟುಕೊಂಡೇ ಮಗ್ಗಿ ಒಪ್ಪಿಸುತ್ತಾಳೆ, ಪಾಪದ ಮಗು, ಬೈಯುವುದಾದರೂ ಹೇಗೆ.

ಪೊರೆ ಅಂಟಿಸಿದ ಮೇಲೆ ಎರಡು ವಾರ ನೆಟ್ಟಗಿತ್ತು, ಹತ್ತಿ ಒಣಗಿಯೇ ಬರುತ್ತಿತ್ತು, ಆಮೇಲೆ ಯುಗಾದಿ ಬಂತು, ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದ ಅತ್ತೆ ತಲೆ ವಾಲ್ಸವ್ವ ಎಂದರು, ಕಿವಿಗೆರಡು ತೊಟ್ಟು ಬುಡ್ದೆ ಅದೆಂಥ ಎಣ್ಣೆನೀರು, ಬೇಡ ಅತ್ತೆ ಎನ್ನಬೇಕಿತ್ತು, ಎರಡೇ ಮಾತು, ಇಡೀ ತರಗತಿಯನ್ನು ಗದರಿಸುವ ಬಾಯಿಗೆ ಏನು ದಾಡಿ ಬಡಿದಿತ್ತೋ, ಹೆತ್ತವ್ವನಿಗಿಂತ ಹೆಚ್ಚಾಗಿ ನೋಡಿಕೊಂಡವರು ಹಬ್ಬದ ದಿನ ಮುಖ ಸಣ್ಣದು ಮಾಡಿಕೊಂಡಾರೆಂದು ತಲೆ ವಾಲಿಸಿಬಿಟ್ಟಳು, ಬೆಚ್ಚಗೆ, ಅಂಟಂಟಾಗಿ, ಒಳಗೊಳಗೇ ಇಳಿಯಿತು — ಅತ್ತೆಯ ಮೇಲಲ್ಲ ಅಸಹ್ಯ, ವಾಲಿದ ಆ ತಲೆಯ ಮೇಲೆ.

ಈಗ ಡಾಕ್ಟರು ಕಿವಿಯಿಂದ ಚಿಮಟದಲ್ಲಿ ಎಳೆದ ಪೊರೆಯನ್ನು ಟ್ರೇಯಲ್ಲಿ ಇಟ್ಟರು, ಹಳದಿಗಟ್ಟಿ, ಸುರುಟಿ, ಕೀವಿನಲ್ಲಿ ನೆಂದು ಉಬ್ಬಿದೆ, ಅವಳಿಗೆ ಗೊತ್ತು ಇದು, ನೋಡಿದ್ದಾಳೆ, ಒಂಬತ್ತು ವರ್ಷದವಳಿದ್ದಾಗ ತಟ್ಟೆಯಲ್ಲಿ ಹಾಲುತೊಂಡೆ ಬಂದ ಹುಳು, ಮುಟ್ಟಿದರೆ ಒಡೆದು ಬಿಳಿ ರಸ ಸೋರುವ ರೋಗದ ಹುಳು, ಕಂಡ ತಕ್ಷಣ ಆರಿಸಿ ಎಸೀಬೇಕು ಕಣವ್ವ ಎಂದು ಅಪ್ಪ ಹೇಳಿಯೇ ಇದ್ದರು, ಹೇಸಿಗೆಯಾಗಿ ಅದರ ಮೇಲೆ ಒಂದು ಎಲೆ ಎಳೆದು ಮುಚ್ಚಿದ್ದಳು, ಐದನೇ ದಿನಕ್ಕೆ ಮನೆಯ ಹುಳವೆಲ್ಲ ಕೊಳೆತು, ಗುದ್ದಲಿಯಲ್ಲಿ ಬಾಚಿ ತಿಪ್ಪೆಗೆ, ನೀನೇನಾರ ಕಂಡಿದ್ಯೇನವ್ವ ಎಂದು ಅಪ್ಪ ಕೇಳಿದ್ದಕ್ಕೆ ಇಲ್ಲಪ್ಪ ಎಂದಿದ್ದಳು. ಮೇಡಂ, ಎಣ್ಣೆಗಿಣ್ಣೆ ಬಿಟ್ರಾ, ಡಾಕ್ಟರು ಕೇಳುತ್ತಿದ್ದಾರೆ, ನಿಜ ಹೇಳಿ, ಎಣ್ಣೆಯಿಂದ ಹಿಂಗಾಗಿದ್ರೆ ಕಿವಿ ಒಣಗಿಸಿ ಇನ್ನೊಂದು ಅಂಟಿಸಬಹುದು, ಏನೂ ಸೋಕದೆ ಹಿಂಗಾಗಿದ್ರೆ ಇದು ನಿಮಗೆ ಹಿಡಿಸಲ್ಲ, ಆಪರೇಷನ್ನೇ. ಏನೂ ಬುಟ್ಟಿಲ್ಲ ಕಣಪ್ಪ, ನಾನೇ ಕಾವಲಿದ್ದೀನಿ — ಅತ್ತೆ ಸುಳ್ಳು ಹೇಳುತ್ತಿಲ್ಲ, ಅವರ ಪಾಲಿಗೆ ಹಬ್ಬದ ಎಣ್ಣೆ ಎಣ್ಣೆಯಲ್ಲ, ಶಾಸ್ತ್ರ. ಡಾಕ್ಟರು ಇವಳನ್ನೇ ನೋಡಿದರು. ಇಲ್ಲ ಸರ್, ಎಂದಿತು ಬಾಯಿ, ಅದೇ ಒಂಬತ್ತು ವರ್ಷದ ಬಾಯಿ. ಡಾಕ್ಟರು ಆಪರೇಷನ್ನಿಗೆ ಚೀಟಿ ಬರೆಯತೊಡಗಿದರು, ಪೆನ್ನು ಇನ್ನೂ ಓಡುತ್ತಿದೆ, ಎಣ್ಣೆ ಬಿಟ್ಟದ್ದನ್ನು ಈಗಲೂ ಹೇಳಬಹುದು, ಒಂದು ಎಲೆ ಸರಿಸಿದಷ್ಟೇ ಕೆಲಸ, ಅತ್ತೆಯ ಕೈ ಬೆನ್ನ ಮೇಲೇ ಇದೆ, ಬೆಚ್ಚಗೆ — ಸರಿಸು, ಶಶಿ — ಎಲೆಯ ಅಡಿಯಲ್ಲಿ ಹುಳು, ಉಬ್ಬಿ, ಒಡೆದು, ಬಿಳಿ ರಸ ಎಲೆಯ ಅಂಚಿನಿಂದ ಹೊರಗೆ — ಎಲೆಯ ಅಡಿಯಲ್ಲಿ ಹುಳು —